ತೆರೆದ ಕಾರನ್ನು ಟ್ರ್ಯಾಕಿಗೆ ಒಯ್ಯುವ ಮುನ್ನ: ಕಾರ್ಖಾನೆಯ ರೋಲ್ ಹೂಪನ್ನು ಅಳೆದು ನೋಡುವ ಬಗೆ

ಕನ್ವರ್ಟಿಬಲ್ ಕಾರಿನ ಮಾಲೀಕರು ಸೀಟಿನ ಹಿಂದೆ ಎದ್ದು ನಿಂತಿರುವ, ರೋಲ್ ಹೂಪ್ ಎನ್ನುವ ಎರಡು ಕಮಾನುಗಳನ್ನು ತೋರಿಸಿ, ಕಾರು ಮಗುಚಿದರೂ ಇವು ತಲೆ ಕಾಯುತ್ತವೆ ಎಂದು ಹೇಳುವುದನ್ನು ರೇಸ್ ಟ್ರ್ಯಾಕಿನ ಅಂಗಳದಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಆ ಮಾತು ಕೆಲವು ಕಾರುಗಳ ವಿಷಯದಲ್ಲಿ ನಿಜ. ಕೆಲವು ಕಾರುಗಳಲ್ಲಿ ಆ ಕಮಾನು ಪ್ಲಾಸ್ಟಿಕ್ ಹೊದಿಕೆಯೊಳಗಿನ ತೆಳು ಪೈಪು ಮಾತ್ರ. ಇನ್ನು ಕೆಲವದರಲ್ಲಿ ಉಕ್ಕು ಗಟ್ಟಿಯಾಗಿಯೇ ಇದ್ದರೂ ಹೆಲ್ಮೆಟ್ ತೊಟ್ಟು ಕುಳಿತ ಚಾಲಕರ ತಲೆ ಅದಕ್ಕಿಂತ ಎರಡು ಬೆರಳು ಮೇಲಿರುತ್ತದೆ. ನಿಮ್ಮ ಕಾರು ಈ ಮೂರರಲ್ಲಿ ಯಾವುದು ಎಂಬುದನ್ನು ಮನೆಯ ಶೆಡ್ಡಿನಲ್ಲೇ ಒಂದು ನೇರ ಕೋಲು, ಒಂದು ಅಳತೆ ಟೇಪು, ಕಾರಿನ ಮಾಲೀಕರ ಕೈಪಿಡಿ ಮತ್ತು ನೆರವಿಗೆ ಇನ್ನೊಬ್ಬರು ಇದ್ದರೆ ಒಂದು ಗಂಟೆಯಲ್ಲಿ ತಿಳಿದುಕೊಳ್ಳಬಹುದು.

ಮೊದಲಿಗೆ, ಇಷ್ಟು ತಗ್ಗಿನ ಕಾರು ಮಗುಚುವುದಾದರೂ ಹೇಗೆ ಎಂಬುದನ್ನು ನೋಡೋಣ. ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ವಾಹನದ ಸ್ಥಿರತೆಯ ಅಳತೆಯಾಗಿ ಬಳಸುತ್ತದೆ. ಚಕ್ರಗಳ ಅಂತರ 1.5 ಮೀಟರ್, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್ ಇರುವ ಕಾರಿಗೆ ಇದು 1.5 ಆಗುತ್ತದೆ, ಅಂದರೆ ಪಕ್ಕಕ್ಕೆ ಒತ್ತುವ ಬಲ ಕಾರಿನ ತೂಕದ ಒಂದೂವರೆ ಪಟ್ಟು ಆಗುವವರೆಗೆ ಅದು ಮಗುಚಲಾರದು. ರಸ್ತೆಯ ಟೈರಿನ ಹಿಡಿತ ಡಾಂಬರಿನ ಮೇಲೆ ಅಷ್ಟು ಬಲವನ್ನು ಕೊಡುವುದಿಲ್ಲವಾದ್ದರಿಂದ ಕಾರು ಮಗುಚುವ ಮೊದಲೇ ಜಾರುತ್ತದೆ. ಅಪಾಯ ಆರಂಭವಾಗುವುದು ಡಾಂಬರು ಮುಗಿದಲ್ಲಿ. ಅಡ್ಡಡ್ಡವಾಗಿ ಜಾರುತ್ತ ಹೋದ ಕಾರಿನ ಚಕ್ರ ಹುಲ್ಲಿನ ಹಸಿ ಮಣ್ಣಿಗೋ ಜಲ್ಲಿಗೋ ಇಳಿದು ಉಳುಮೆಯ ನೇಗಿಲಿನಂತೆ ಕಚ್ಚಿಕೊಂಡರೆ ಆ ಒಂದೂವರೆ ಪಟ್ಟಿನ ಲೆಕ್ಕ ಕ್ಷಣದಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಟ್ರ್ಯಾಕಿನಿಂದ ಹೊರಬೀಳುವುದು ಖಚಿತವಾದಾಗ ಸ್ಟಿಯರಿಂಗನ್ನು ನೇರ ಮಾಡಿ ನೆಟ್ಟಗೆ ಹೊರಹೋಗಿ ಎಂದು ತರಬೇತುದಾರರು ಮೊದಲ ದಿನವೇ ಹೇಳುತ್ತಾರೆ. ಚಕ್ರ ತಿರುಗಿಸಿಕೊಂಡೇ ಮತ್ತೆ ಡಾಂಬರಿಗೆ ಏರಲು ಹೋಗುವವರಿಗೆ ಕಾರು ಅಡ್ಡವಾಗಿ ಹೊರಳುವ ಸಂಭವ ಹೆಚ್ಚು.

ಕಾನೂನಿನ ಆಸರೆಯೂ ಇಲ್ಲಿ ಕಡಿಮೆ. ಅಮೆರಿಕದಲ್ಲಿ 1973ರಲ್ಲಿ ಜಾರಿಗೆ ಬಂದ, ಛಾವಣಿ ಎಷ್ಟು ಭಾರ ತಡೆಯಬೇಕು ಎಂದು ಹೇಳುವ 216ನೆಯ ಸುರಕ್ಷತಾ ಮಾನದಂಡ ಕನ್ವರ್ಟಿಬಲ್‌ಗಳನ್ನು ಹೊರಗಿಟ್ಟಿತ್ತು. 2009ರಲ್ಲಿ ಆ ಮಾನದಂಡವನ್ನು ಬಿಗಿಗೊಳಿಸಿ, ಸಾಮಾನ್ಯ ಕಾರುಗಳ ಛಾವಣಿ ಖಾಲಿ ಕಾರಿನ ತೂಕದ ಮೂರು ಪಟ್ಟು ತಡೆಯಬೇಕು ಎಂದಾಗಲೂ ತೆರೆದ ಕಾರುಗಳ ವಿನಾಯಿತಿ ಉಳಿದುಕೊಂಡಿತು. ಇಂಥ ನಿಯಮ ಕನ್ವರ್ಟಿಬಲ್‌ಗಳಿಗೂ ಬಂದೀತು ಎಂಬ ಅಂಜಿಕೆ ಮಾತ್ರ ಬಹಳ ಹಿಂದಿನದು. ಪೋರ್ಷೆ 1965ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿದ 911 ಟಾರ್ಗಾದ ಅಗಲವಾದ ಸ್ಥಿರ ಕಮಾನಿಗೆ ಅದೂ ಒಂದು ಕಾರಣ. ಒಟ್ಟಿನಲ್ಲಿ ನಿಮ್ಮ ಕಾರಿನಲ್ಲಿ ಕಮಾನು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಗಟ್ಟಿ ಎಂಬುದು ಬಹುಮಟ್ಟಿಗೆ ತಯಾರಕರ ನಿರ್ಧಾರವಾಗಿದ್ದು, ಒಂದು ಕಾರಿನ ಅನುಭವವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ.

ಕಮಾನು ಯಾವ ಜಾತಿಯದು

ಕಾರ್ಖಾನೆಯಿಂದ ಬರುವ ನಿಜವಾದ ರಕ್ಷಣೆಯಲ್ಲಿ ಎರಡು ಬಗೆ. ಒಂದು, ಸದಾ ನಿಂತಿರುವ ಸ್ಥಿರ ಕಮಾನು: 1996ರ ಪೋರ್ಷೆ ಬಾಕ್ಸ್‌ಟರ್, ಅದೇ ವರ್ಷದ ಲೋಟಸ್ ಎಲಿಸ್, 1999ರ ಹೋಂಡಾ ಎಸ್2000 ಇವುಗಳಲ್ಲಿ ಇರುವುದು ಇದೇ. ಇನ್ನೊಂದು, ಅಪಾಯ ಕಂಡಾಗ ಮಾತ್ರ ಮೇಲೇಳುವ ಕಮಾನು: ಇದನ್ನು ಮೊದಲು ತಂದದ್ದು 1989ರ ಮರ್ಸಿಡಿಸ್ ಎಸ್‌ಎಲ್, ಅದರ ಕಮಾನು ಸುಮಾರು 0.3 ಸೆಕೆಂಡಿನಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ನಂತರ 911 ಕ್ಯಾಬ್ರಿಯೊಲೆ ಮತ್ತು ಬಿಎಂಡಬ್ಲ್ಯೂ 3 ಸರಣಿಯ ತೆರೆದ ಕಾರುಗಳಿಗೂ ಈ ವ್ಯವಸ್ಥೆ ಬಂತು. 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ಇವೆರಡೂ ಇಲ್ಲ. ಟ್ರ್ಯಾಕಿನಲ್ಲಿ ಅತಿ ಹೆಚ್ಚು ಕಾಣುವ ತೆರೆದ ಕಾರುಗಳಲ್ಲಿ ಅದೂ ಒಂದಾಗಿರುವುದರಿಂದಲೇ ಹೊರಗಿನವರಿಂದ ರೋಲ್ ಬಾರ್, ಅಂದರೆ ಉಕ್ಕಿನ ಕೊಳವೆಯ ರಕ್ಷಣಾ ಕಮಾನು, ಹಾಕಿಸುವ ಕಸುಬು ಅದರ ಸುತ್ತ ಅಷ್ಟು ಬೆಳೆದಿದೆ.

ಮೂರನೆಯ ಜಾತಿ ಅಲಂಕಾರದ್ದು. ಇವನ್ನು ಮಾರುವವರೇ ಸ್ಟೈಲ್ ಬಾರ್ ಎಂದು ಕರೆಯುತ್ತಾರೆ, ಹೆಸರಿನಲ್ಲಿ ಸುಳ್ಳಿಲ್ಲ. ಗುರುತಿಸಲು ಮೊದಲು ಕೈಪಿಡಿಯನ್ನು ತೆರೆದು, ಕಮಾನನ್ನು ಪಲ್ಟಿ ರಕ್ಷಣೆ ಎಂದು ತಯಾರಕರು ಸ್ಪಷ್ಟವಾಗಿ ಬರೆದಿದ್ದಾರೆಯೇ ಎಂದು ನೋಡಬೇಕು. ನಂತರ ಕಮಾನಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಬೇಕು. ನಿಜವಾದ ಕಮಾನನ್ನು ಜಗ್ಗಿದರೆ ಇಡೀ ಕಾರು ಸಸ್ಪೆನ್ಷನ್ ಮೇಲೆ ಓಲಾಡುತ್ತದೆ. ಅಲಂಕಾರದ್ದನ್ನು ಜಗ್ಗಿದರೆ ಕಮಾನು ಮಾತ್ರ ಅಲುಗುತ್ತದೆ. ಇಷ್ಟರಿಂದ ತೃಪ್ತಿಯಾಗದಿದ್ದರೆ, ಮತ್ತು ಆಗಲೂಬಾರದು, ಬುಡದ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳನ್ನು ಮೆಲ್ಲಗೆ ಬಿಡಿಸಿ ಟಾರ್ಚ್ ಹಾಕಿ ಒಳಗೆ ನೋಡಿ. ಕಮಾನಿನ ಕಾಲುಗಳು ಸೀಟಿನ ಹಿಂದಿನ ದಪ್ಪ ಅಡ್ಡ ತೊಲೆಗೆ ಬೆಸೆದಿರಬೇಕು, ಇಲ್ಲವೇ ದಪ್ಪ ತಟ್ಟೆಯ ಮೂಲಕ ಹಲವು ಬೋಲ್ಟುಗಳಲ್ಲಿ ಕೂತಿರಬೇಕು. ತೆಳು ತಗಡಿಗೆ ಎರಡು ಸಣ್ಣ ಸ್ಕ್ರೂ ಹಾಕಿ ನಿಲ್ಲಿಸಿದ್ದು ಕಂಡರೆ ಮುಂದಿನ ಅಳತೆಗಳ ಗೋಜಿಗೇ ಹೋಗಬೇಕಿಲ್ಲ.

ಗಟ್ಟಿ ಕಮಾನು ಎಂದರೆ ಎಂಥ ಪೆಟ್ಟನ್ನೂ ತಡೆಯುವ ಕಮಾನು ಎಂದಲ್ಲ. 2022ರ ಜುಲೈ 3ರಂದು ಸಿಲ್ವರ್‌ಸ್ಟೋನಿನಲ್ಲಿ ಜೌ ಗುವಾನ್ಯು ಅವರ ಫಾರ್ಮುಲಾ ಒನ್ ಕಾರು ಮೊದಲ ಸುತ್ತಿನಲ್ಲೇ ತಲೆಕೆಳಗಾದಾಗ, ಕಡ್ಡಾಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದ ಅದರ ರೋಲ್ ಹೂಪ್ ಕಿತ್ತುಹೋಯಿತು. ಅವರ ತಲೆಯನ್ನು ಉಳಿಸಿದ್ದು ಚಾಲಕರ ತಲೆಯ ಸುತ್ತ ಇರುವ ಹೇಲೊ ಎಂಬ ಇನ್ನೊಂದು ಚೌಕಟ್ಟು. ಮೇಲಿನಿಂದ ಒತ್ತುವ ಭಾರ ಬೇರೆ, ವೇಗದಲ್ಲಿ ನೆಲವನ್ನು ಉಜ್ಜುತ್ತ ಕಚ್ಚಿಕೊಂಡು ಎಳೆಯುವ ಬಲ ಬೇರೆ ಎಂಬುದನ್ನು ಆ ಅಪಘಾತ ಎಲ್ಲರ ಕಣ್ಣೆದುರು ತೋರಿಸಿತು. ನಮ್ಮ ಕಾರಿನಲ್ಲಿ ಹೇಲೊ ಇಲ್ಲ.

ಕೋಲಿನ ಪರೀಕ್ಷೆ

ಟ್ರ್ಯಾಕ್ ದಿನಗಳ, ಅಂದರೆ ಜನ ತಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳ, ಆಯೋಜಕರು ಇದನ್ನು ಪೊರಕೆ ಕೋಲಿನ ಪರೀಕ್ಷೆ ಎಂದೇ ಕರೆಯುತ್ತಾರೆ. ತತ್ತ್ವ ಸರಳ: ಮಗುಚಿದ ತೆರೆದ ಕಾರು ಸಮತಟ್ಟಾದ ನೆಲದ ಮೇಲೆ ನಿಲ್ಲುವುದು ಹಿಂದಿನ ಕಮಾನು ಮತ್ತು ಮುಂದಿನ ಗಾಜಿನ ಚೌಕಟ್ಟು ಎಂಬ ಎರಡು ಕಾಲುಗಳ ಮೇಲೆ, ಆದ್ದರಿಂದ ಅವೆರಡರ ತುದಿಗಳನ್ನು ಸೇರಿಸುವ ಗೆರೆಯ ಕೆಳಗೆ ಹೆಲ್ಮೆಟ್ ಪೂರ್ತಿಯಾಗಿ ಇರಬೇಕು. ಇಷ್ಟು ಸರಳವಾದದ್ದನ್ನೂ ಜನ ತಮಗೆ ಬೇಕಾದ ಉತ್ತರ ಬರುವಂತೆ ಮಾಡುವುದನ್ನು ನೋಡಿದ್ದೇನೆ. ಕುತ್ತಿಗೆಯನ್ನು ಭುಜದೊಳಗೆ ಎಳೆದುಕೊಂಡು, ಸೊಂಟವನ್ನು ಮುಂದೆ ಜಾರಿಸಿ ಕುಳಿತರೆ ಯಾವ ಕಾರಾದರೂ ತೇರ್ಗಡೆಯಾಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಮಡಚುವ ಛಾವಣಿಯನ್ನು ಪೂರ್ತಿ ಇಳಿಸಿ, ಟ್ರ್ಯಾಕಿನಲ್ಲಿ ಓಡಿಸುವಾಗ ಇರುವ ಜಾಗಕ್ಕೇ ಸೀಟನ್ನು ತಂದು, ಅದೇ ಹೆಲ್ಮೆಟ್ ತೊಟ್ಟು, ಬೆಲ್ಟು ಹಾಕಿ, ಸೊಂಟವನ್ನು ಸೀಟಿನ ಮೂಲೆಗೆ ಒತ್ತಿ, ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು, ದೂರದ ತಿರುವನ್ನು ನೋಡುವವರಂತೆ ತಲೆ ಎತ್ತಿ ಕೂರಿ. ಹೆಸರಿಗೆ ಪೊರಕೆ ಕೋಲಾದರೂ ನಿಜವಾದ ಪೊರಕೆ ಕೋಲು ನಡುವೆ ಬಾಗಿರುತ್ತದೆ. ಗಾರೆ ಕೆಲಸದವರ ಉದ್ದನೆಯ ರಸಮಟ್ಟವೋ ಅಲ್ಯೂಮಿನಿಯಂ ಪಟ್ಟಿಯೋ ಉತ್ತಮ. ನೆರವಿನವರು ಅದರ ಒಂದು ತುದಿಯನ್ನು ಕಮಾನಿನ ನೆತ್ತಿಯ ಮೇಲೂ ಇನ್ನೊಂದನ್ನು ಗಾಜಿನ ಚೌಕಟ್ಟಿನ ಮೇಲಂಚಿನ ಮೇಲೂ ಇಟ್ಟು, ಪಕ್ಕದಲ್ಲಿ ಮಂಡಿಯೂರಿ, ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ತಂದು, ಹೆಲ್ಮೆಟ್ಟಿನ ತುತ್ತತುದಿಗೂ ಪಟ್ಟಿಯ ಕೆಳ ಅಂಚಿಗೂ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆಯಬೇಕು. ಹೊದಿಕೆಯ ಪ್ಲಾಸ್ಟಿಕ್ ದಪ್ಪವಾಗಿದ್ದರೆ ಅದನ್ನು ಅಂದಾಜಿನಿಂದ ಕಳೆಯಿರಿ, ಏಕೆಂದರೆ ಮೊದಲ ಪೆಟ್ಟಿಗೆ ಅದು ಉಳಿಯುವುದಿಲ್ಲ.

ಬಹುತೇಕರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕಮಾನಿನ ನೆತ್ತಿ ಮಾತ್ರ ಎತ್ತರವಾಗಿದ್ದು, ಬದಿಗಳು ಭುಜದಂತೆ ಇಳಿದಿರುತ್ತವೆ. ಗಾಜಿನ ಚೌಕಟ್ಟೂ ಮೂಲೆಗಳಲ್ಲಿ ನಡುವಿಗಿಂತ ತಗ್ಗಾಗಿರುತ್ತದೆ. ಕಾರು ಉರುಳುವುದು ಪಕ್ಕಕ್ಕೆ, ಹಾಗಾಗಿ ನೆಲಕ್ಕೆ ಮೊದಲು ತಾಗುವುದು ಆ ಮೂಲೆಗಳೇ. ಪಟ್ಟಿಯನ್ನು ಹೆಲ್ಮೆಟ್ಟಿನ ಹೊರ ಅಂಚಿನ ನೇರಕ್ಕೆ, ಬಾಗಿಲ ಕಡೆಗೆ ಸರಿಸಿ ಎರಡನೆಯ ಸಲ ಅಳೆದರೆ ನಡುವಿನಲ್ಲಿ ಸಿಕ್ಕ ಅಂತರ ಅಲ್ಲಿ ಎಷ್ಟೋ ಕಡಿಮೆಯಾಗಿರುವುದು ಕಾಣುತ್ತದೆ. ನಾನು ನಂಬುವುದು ಈ ಎರಡನೆಯ ಅಳತೆಯನ್ನು.

ಎಷ್ಟು ಅಂತರ ಸಾಕು? ಕೆಲವು ಆಯೋಜಕರಿಗೆ ಹೆಲ್ಮೆಟ್ ಗೆರೆಯ ಕೆಳಗಿದ್ದರೆ ಸಾಕು. ಕೆಲವರು ಎರಡು ಇಂಚು, ಅಂದರೆ ಸುಮಾರು 5 ಸೆಂಟಿಮೀಟರ್ ಕೇಳುತ್ತಾರೆ. ನನಗೆ ಎರಡನೆಯವರ ಮಾತೇ ಸರಿ ಎನಿಸುತ್ತದೆ. ತಲೆಕೆಳಗಾದ ಕಾರಿನಲ್ಲಿ ದೇಹ ಸೀಟಿನ ಮೇಲೆ ಕೂತಿರುವುದಿಲ್ಲ, ಬೆಲ್ಟಿನಿಂದ ನೇತಾಡುತ್ತಿರುತ್ತದೆ. ಸೀಟಿನ ಸ್ಪಂಜು ಬಿಚ್ಚಿಕೊಂಡು, ಬೆಲ್ಟಿನ ಪಟ್ಟಿ ಹಿಗ್ಗಿ, ತಲೆ ನೆಲದ ಕಡೆಗೆ ಸೆಂಟಿಮೀಟರುಗಳಷ್ಟು ಇಳಿದಿರುತ್ತದೆ. ಶೆಡ್ಡಿನಲ್ಲಿ ಪಟ್ಟಿಗೆ ತಾಗದೆ ಉಳಿದ ಹೆಲ್ಮೆಟ್ ಅಲ್ಲಿ ನೆಲಕ್ಕೆ ತಾಗದೆ ಉಳಿಯುವುದು ಕಷ್ಟ.

ಅಂತರ ಸಾಲದಿದ್ದರೆ ಸೀಟಿನ ಬೆನ್ನನ್ನು ಹಿಂದಕ್ಕೆ ವಾಲಿಸಬೇಡಿ. ಗೆರೆಯ ಲೆಕ್ಕ ಸರಿಹೋಗುತ್ತದೆ, ಆದರೆ ಹೆಲ್ಮೆಟ್ ಕಮಾನಿನ ಹತ್ತಿರಕ್ಕೆ ಹೋಗುತ್ತದೆ, ಕೈಗಳು ಸ್ಟಿಯರಿಂಗಿನಿಂದ ದೂರವಾಗುತ್ತವೆ. ಕೂರುವ ಜಾಗವನ್ನೇ ತಗ್ಗಿಸುವುದು ಸರಿಯಾದ ದಾರಿ. ಎಂಎಕ್ಸ್-5 ಓಡಿಸುವ ಎತ್ತರದ ಜನ ಸೀಟಿನ ಹೊದಿಕೆ ಬಿಚ್ಚಿ, ಕೆಳಗಿನ ಸ್ಪಂಜನ್ನು ಚಾಕುವಿನಿಂದ ಹೆರೆದು ಒಂದು ಇಂಚಿನಷ್ಟು ಗಳಿಸುತ್ತಾರೆ. ದೇಹವನ್ನು ಬದಿಗಳಿಂದ ಹಿಡಿದಿಡುವ ತಗ್ಗಿನ ಬಕೆಟ್ ಸೀಟು ಇನ್ನೂ ಹೆಚ್ಚು ಕೊಡುತ್ತದೆ, ಆದರೆ ಅದರ ತೊಡಕೊಂದನ್ನು ಮುಂದೆ ಹೇಳುತ್ತೇನೆ. ಕಮಾನಿನ ಮೇಲೆ ಇನ್ನೊಂದು ತುಂಡು ಕೂರಿಸಿ ಎತ್ತರಿಸುವ ಉಪಾಯದಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಎತ್ತರ ಹೆಚ್ಚಿದಷ್ಟೂ ಅದೇ ಬಲ ಸನ್ನೆಕೋಲಿನಂತೆ ಬುಡವನ್ನು ಹೆಚ್ಚು ಬಾಗಿಸುತ್ತದೆ, ಬುಡವನ್ನು ತಯಾರಕರು ಲೆಕ್ಕ ಹಾಕಿದ್ದು ಹಳೆಯ ಎತ್ತರಕ್ಕೆ.

ಗೆರೆಯ ಮುಂದಿನ ತುದಿಯನ್ನೂ ಮರೆಯುವಂತಿಲ್ಲ. ಗಾಜಿನ ಚೌಕಟ್ಟು ಮಡಚಿಕೊಂಡರೆ ಕೋಲಿನ ಪರೀಕ್ಷೆಯೇ ಸುಳ್ಳಾಗುತ್ತದೆ. ಬಾಕ್ಸ್‌ಟರಿನಂಥ ಕಾರುಗಳಲ್ಲಿ ಎ-ಪಿಲ್ಲರ್ ಎನ್ನುವ ಮುಂದಿನ ಕಂಬಗಳೊಳಗೆ ಹೆಚ್ಚು ಬಲದ ಉಕ್ಕಿನ ಕೊಳವೆಯನ್ನು ಸೇರಿಸಿರುತ್ತಾರೆ. ಹಳೆಯ ಕಾರುಗಳಲ್ಲಿ ಆ ಕಂಬ ಗಾಜನ್ನು ಹಿಡಿದಿಡಲು ಮಾತ್ರ ಸಾಕಾಗುವಷ್ಟು ಇರಬಹುದು. ಗಾಜಿನ ಬುಡದಲ್ಲಿ ತುಕ್ಕು ಇದೆಯೇ, ಹಿಂದೆ ಅಪಘಾತವಾಗಿ ಕಂಬವನ್ನು ಕತ್ತರಿಸಿ ಬೆಸೆದ ಗುರುತಿದೆಯೇ ಎಂದು ಬೆರಳಾಡಿಸಿ ನೋಡಿ. ಬಟ್ಟೆಯ ಛಾವಣಿಯನ್ನು ಏರಿಸಿಕೊಂಡರೆ ರಕ್ಷಣೆ ಹೆಚ್ಚುತ್ತದೆ ಎಂಬುದು ಭ್ರಮೆ, ಫೈಬರಿನ ಹಾರ್ಡ್‌ಟಾಪ್ ವಿಷಯದಲ್ಲೂ ಅಷ್ಟೇ. ಕೈ ಹೊರಗೆ ಹೋಗದಂತೆ ಒಂದಿಷ್ಟು ತಡೆಯುತ್ತವೆ ಎಂಬುದು ಮಾತ್ರ ಅವುಗಳ ಲಾಭ.

ಮೇಲೇಳುವ ಕಮಾನುಗಳಿದ್ದರೆ

ಇವು ಸ್ಪ್ರಿಂಗಿನ ಬಲದಿಂದಲೋ ಸಣ್ಣ ಸಿಡಿಮದ್ದಿನಿಂದಲೋ ಏಳುತ್ತವೆ. ಯಾವಾಗ ಏಳಬೇಕೆಂದು ತೀರ್ಮಾನಿಸುವುದು ಕಾರಿನ ವಾಲುವಿಕೆ, ಪಕ್ಕದ ಎಳೆತ, ಕೆಲವು ಕಾರುಗಳಲ್ಲಿ ಚಕ್ರ ನೆಲ ಬಿಟ್ಟದ್ದು, ಇವನ್ನು ಗಮನಿಸುವ ಸೆನ್ಸರುಗಳು. ಆದ್ದರಿಂದ ಇಲ್ಲಿ ಉಕ್ಕಿನಷ್ಟೇ ವಿದ್ಯುತ್ ವ್ಯವಸ್ಥೆಯೂ ಮುಖ್ಯ, ಮತ್ತು ಟ್ರ್ಯಾಕಿಗೆಂದು ಕಾರನ್ನು ಮಾರ್ಪಡಿಸುವವರು ಅರಿವಿಲ್ಲದೆ ಕೆಡಿಸುವುದು ಅದನ್ನೇ. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಪೂರ್ತಿ ಆರಲಿ ಎಂದು ಯಾವುದೋ ಫ್ಯೂಸ್ ಕೀಳುತ್ತಾರೆ. ಏರ್‌ಬ್ಯಾಗ್ ಇಲ್ಲದ ಸ್ಟಿಯರಿಂಗ್ ಹಾಕುತ್ತಾರೆ. ಮೇಲೆ ಹೇಳಿದ ಬಕೆಟ್ ಸೀಟನ್ನು ಕೂರಿಸುವಾಗ ಹಳೆಯ ಸೀಟಿನ ಏರ್‌ಬ್ಯಾಗ್ ತಂತಿಯನ್ನು ಬಿಚ್ಚಿಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಅದಕ್ಕೊಂದು ಕಪ್ಪು ಟೇಪು ಅಂಟಿಸುತ್ತಾರೆ. ಕಮಾನನ್ನು ಎಬ್ಬಿಸುವ ಆಜ್ಞೆಯೂ ಅದೇ ಏರ್‌ಬ್ಯಾಗ್ ಕಂಪ್ಯೂಟರಿನಿಂದ ಬರುವ ಕಾರಾಗಿದ್ದರೆ, ದೋಷದ ಸ್ಥಿತಿಗೆ ಹೋದ ಆ ಕಂಪ್ಯೂಟರ್ ಬೇಕಾದ ಹೊತ್ತಿಗೆ ಸುಮ್ಮನಿರಬಹುದು. ಇದು ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ, ದೀಪ ಹತ್ತಿರುವಾಗ ಕಮಾನು ಇಲ್ಲವೆಂದೇ ಎಣಿಸಿ ಕಾರು ಹೊರತೆಗೆಯದಿರುವುದು ಕ್ಷೇಮ.

ಕಮಾನು ಏಳುವ ದಾರಿಯೂ ಖಾಲಿ ಇರಬೇಕು. ಗಾಳಿ ತಡೆಯುವ ಜಾಲರಿ, ಕ್ಯಾಮೆರಾದ ಹಿಡಿಕೆ, ಹಿಂದಿನ ಸೀಟಿಗೆ ಎಸೆದ ಚೀಲ ಇವೆಲ್ಲ ಅಡ್ಡಿಯೇ. ಗಾಜಿನ ಹಿಂಗಿಟಕಿ ಮುಚ್ಚಿದ್ದರೂ ಒಡೆದುಕೊಂಡು ಏಳುವಂತೆ ಫೋಕ್ಸ್‌ವ್ಯಾಗನ್ ಇಯೋಸಿನಲ್ಲಿ ವ್ಯವಸ್ಥೆ ಮಾಡಿದ್ದರು. ಎಲ್ಲ ಕಾರುಗಳಲ್ಲೂ ಅಂಥ ಜಾಣ್ಮೆ ಇರುವುದಿಲ್ಲ. ಕೋಲಿನ ಪರೀಕ್ಷೆ ಮಾಡಬೇಕಾದದ್ದು ಕಮಾನು ಎದ್ದು ನಿಂತಾಗಿನ ಎತ್ತರಕ್ಕೆ. ಮೇಲೆ ಹೇಳಿದ ಎಸ್‌ಎಲ್‌ನಲ್ಲಿ ಒಂದು ಗುಂಡಿ ಒತ್ತಿ ಅದನ್ನು ಎಬ್ಬಿಸಿಡಬಹುದಾದ್ದರಿಂದ ಅಳೆಯುವುದೂ ಸುಲಭ, ಟ್ರ್ಯಾಕಿನಲ್ಲಿ ಎಬ್ಬಿಸಿಕೊಂಡೇ ಓಡಿಸಬಹುದು. ಸ್ಪ್ರಿಂಗಿನ ಕಮಾನುಗಳನ್ನು ಕೈಯಿಂದ ಬಿಡಿಸಿ ಮತ್ತೆ ಕೂರಿಸುವ ಕ್ರಮವನ್ನು ತಯಾರಕರ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿದ್ದರೆ ಅದರಂತೆಯೇ ಮಾಡಬೇಕು, ಮುಖವನ್ನು ದೂರವಿಟ್ಟುಕೊಂಡು. ಸಿಡಿಮದ್ದಿನವಕ್ಕೆ ಕೈ ಹಾಕಬೇಡಿ. ಟ್ರ್ಯಾಕಿನ ಅಂಚಿನ ಎತ್ತರದ ಕೆರ್ಬಿನ ಮೇಲೆ ಜೋರಾಗಿ ಹಾರಿ ಕಾರು ಹಗುರವಾದಾಗ ಕಮಾನು ಸುಮ್ಮಸುಮ್ಮನೆ ಎದ್ದುಬಿಡುವುದೂ ಉಂಟು. ಹಾಗಾದರೆ ಗಾಬರಿಯಾಗದೆ ನಿಧಾನವಾಗಿ ಪಿಟ್ಟಿಗೆ ಬನ್ನಿ.

ನನ್ನ ಅಭಿಪ್ರಾಯ ಕೇಳಿದರೆ, ಮೇಲೇಳುವ ಕಮಾನು ರಸ್ತೆಗೆಂದು ಮಾಡಿದ್ದು. ಕಲಿಕೆಯ ದಿನಗಳಿಗೆ, ಕಾರ್ಖಾನೆಯ ಬೆಲ್ಟಿನೊಂದಿಗೆ, ಅದನ್ನು ಒಪ್ಪಬಹುದು. ವೇಗ ಬೆಳೆದು ಅಂಟು ಹೆಚ್ಚಿರುವ ಟೈರುಗಳಿಗೆ ಮನಸ್ಸು ಹೋಗುವ ಹೊತ್ತಿಗೆ ಸ್ಥಿರವಾದ ಬಾರ್ ಬಂದಿರಬೇಕು.

ಬೆಲ್ಟು, ಹೆಲ್ಮೆಟ್, ಕೈ

ಕಾರ್ಖಾನೆಯ ಕಮಾನಿರುವ ಕಾರಿನಲ್ಲಿ ಮಾಡುವ ದೊಡ್ಡ ತಪ್ಪು ರೇಸ್ ಹಾರ್ನೆಸ್ ಹಾಕುವುದು. ಮೂರು ಬಿಂದುವಿನ ಬೆಲ್ಟಿನಲ್ಲಿ ಮುಂಡ ಒಂದಿಷ್ಟು ಪಕ್ಕಕ್ಕೆ ಬಾಗಬಲ್ಲದು. ಎರಡೂ ಭುಜಗಳನ್ನು ಬಿಗಿದ ಹಾರ್ನೆಸ್ ದೇಹವನ್ನು ಕಂಬದಂತೆ ನೆಟ್ಟಗೆ ನಿಲ್ಲಿಸುತ್ತದೆ, ಮೇಲಿನ ಆಸರೆ ಕುಸಿದರೆ ಭಾರವೆಲ್ಲ ತಲೆ ಮತ್ತು ಕುತ್ತಿಗೆಯ ಮೇಲೆ. ಇನ್ನು ಹಾರ್ನೆಸ್ಸಿನ ಭುಜಪಟ್ಟಿಗಳನ್ನು ಕಾರ್ಖಾನೆಯ ಕಮಾನಿಗೇ ಸುತ್ತುವವರಿದ್ದಾರೆ. ಆ ಕಮಾನನ್ನು ಮುಂದಕ್ಕೆ ಎಳೆಯುವ ಅಂಥ ಬಲಕ್ಕೆಂದು ಮಾಡಿಲ್ಲ. ಹಾರ್ನೆಸ್ ಬೇಕೆಂದರೆ ಸರಿಯಾದ ರೋಲ್ ಬಾರ್, ಅದರಲ್ಲಿ ಭುಜಪಟ್ಟಿಗೆಂದೇ ಇರುವ ಅಡ್ಡ ಕೊಳವೆ, ತಕ್ಕ ಸೀಟು, ಕುತ್ತಿಗೆಯ ರಕ್ಷಣಾ ಸಾಧನ ಎಲ್ಲವೂ ಒಟ್ಟಿಗೆ ಬರಬೇಕು, ಮತ್ತು ಪಕ್ಕದ ಸೀಟಿಗೂ ಅದೇ ಬರಬೇಕು.

ಹೆಲ್ಮೆಟ್ ಕೊಳ್ಳುವಾಗ, ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ಗುರುತು ಕೊಡುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನದನ್ನೇ ಆರಿಸಿ, ಬೈಕಿನ ಎಂ ಗುರುತಿನದನ್ನಲ್ಲ. ಬೆಂಕಿ ತಡೆಯುವ ಒಳಪದರ ಒಂದೇ ಕಾರಣವಲ್ಲ. ಎಸ್‌ಎ ಪರೀಕ್ಷೆಯಲ್ಲಿ ರೋಲ್ ಬಾರಿನ ಆಕಾರದ ಉಕ್ಕಿಗೆ ಹೆಲ್ಮೆಟ್ಟನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿಯುತ್ತಾರೆ, ತೆರೆದ ಕಾರಿನಲ್ಲಿ ಬೀಳುವುದು ಅಂಥದೇ ಪೆಟ್ಟು. ಹೆಲ್ಮೆಟ್ ತಾಗಬಹುದಾದ ಕಮಾನಿನ ಭಾಗಕ್ಕೆ, ರೇಸ್ ಸುರಕ್ಷತಾ ಸಾಮಗ್ರಿಗೆ ಮಾನದಂಡ ಹಾಕುವ ಎಸ್‌ಎಫ್‌ಐ ಸಂಸ್ಥೆಯ 45.1 ದರ್ಜೆಯ ಗಟ್ಟಿ ಪ್ಯಾಡ್ ಸುತ್ತಬೇಕು. ನೀರಿನ ಪೈಪಿಗೆ ಸುತ್ತುವ ಮೆತ್ತನೆಯ ಸ್ಪಂಜು ಕಣ್ಣಿಗೆ ಹಾಗೇ ಕಂಡರೂ ಪೆಟ್ಟಿಗೆ ಕಾಗದದಂತೆ ಅಮುಕಿಕೊಳ್ಳುತ್ತದೆ. ಕಾರು ಉರುಳುವಾಗ ಕೈಗಳು ತಾವಾಗಿ ಹೊರಗೆ ಹಾರುತ್ತವೆ, ಅದಕ್ಕಾಗಿ ಮುಂಗೈಯನ್ನು ಬೆಲ್ಟಿಗೆ ಕಟ್ಟುವ ಪಟ್ಟಿಗಳನ್ನು ಕೆಲವು ಆಯೋಜಕರು ತೆರೆದ ಕಾರುಗಳಿಗೆ ಕಡ್ಡಾಯ ಮಾಡಿರುತ್ತಾರೆ.

ಹೊರಗಿನವರಿಂದ ರೋಲ್ ಬಾರ್ ಹಾಕಿಸುವುದಾದರೆ ನೋಡಬೇಕಾದದ್ದು ಇಷ್ಟು: ಕೊಳವೆ ಒಂದೂವರೆಯಿಂದ ಒಂದೂ ಮುಕ್ಕಾಲು ಇಂಚು ವ್ಯಾಸದ್ದಾಗಿ, ಗೋಡೆ 2.4ರಿಂದ 3 ಮಿಲಿಮೀಟರ್ ದಪ್ಪವಿರಬೇಕು. ಮುಖ್ಯ ಕಮಾನಿಗೆ ಹಿಂದಿನಿಂದ ಎರಡು ಊರುಗೋಲುಗಳೂ ಒಳಗೆ ಕರ್ಣದಂತೆ ಓರೆಯಾದ ಕೊಳವೆಯೊಂದೂ ಇರಬೇಕು. ಪ್ರತಿ ಪಾದಕ್ಕೂ ಕನಿಷ್ಠ ಮೂರು ಬೋಲ್ಟುಗಳಿದ್ದು, ತಗಡಿನ ಆಚೆ ಬದಿಯಲ್ಲಿ ಅಷ್ಟೇ ಅಗಲದ ತಟ್ಟೆ ಇರಬೇಕು. ಗೋಡೆಯ ದಪ್ಪವನ್ನು ಅಳೆಯಲೆಂದು ಕೊಳವೆಯಲ್ಲಿ ಸುಮಾರು 5 ಮಿಲಿಮೀಟರಿನ ತೂತೊಂದನ್ನು ಅಮೆರಿಕದ ಮೋಟಾರು ಕ್ರೀಡಾ ಸಂಸ್ಥೆಯಾದ ಎಸ್‌ಸಿಸಿಎ ನಿಯಮಗಳು ಕೇಳುತ್ತವೆ. ಹಳೆಯ ಬಾರ್ ಕೊಳ್ಳುವಾಗ ಆ ತೂತು ಹುಡುಕಿ ನೋಡಿದರೆ ಮಾರುವವರ ಮಾತನ್ನು ನಂಬುವ ಕಷ್ಟ ತಪ್ಪುತ್ತದೆ.

ಆಯೋಜಕರ ನಿಯಮ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಕೆಲವರು ಮಾದರಿಗಳ ಪಟ್ಟಿ ಇಟ್ಟಿರುತ್ತಾರೆ, ಕೆಲವರು ಕೋಲನ್ನು ಮಾತ್ರ ನಂಬುತ್ತಾರೆ, ಕೆಲವರು ಮೇಲೇಳುವ ಕಮಾನನ್ನು ಒಪ್ಪುವುದೇ ಇಲ್ಲ. ಹಣ ಕಟ್ಟುವ ಮೊದಲು ಕಾರಿನ ಮಾದರಿ, ವರ್ಷ, ಕಮಾನಿನ ಬಗೆ ಮೂರನ್ನೂ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆದುಕೊಳ್ಳಿ.

ನಾನೊಮ್ಮೆ ಇಷ್ಟನ್ನೂ ಮಾಡಿ, ನನ್ನ ತಲೆಗೆ ಆರು ಸೆಂಟಿಮೀಟರ್ ಅಂತರವಿದೆ ಎಂಬ ಧೈರ್ಯದಲ್ಲಿ ಹೋಗಿದ್ದೆ. ಬೆಳಗ್ಗೆ ನನಗೆ ಗೊತ್ತುಮಾಡಿದ್ದ ತರಬೇತುದಾರರು ಪಕ್ಕದ ಸೀಟಿನಲ್ಲಿ ಕುಳಿತರು. ನನಗಿಂತ ಗೇಣುದ್ದ ಎತ್ತರದ ಅವರ ಹೆಲ್ಮೆಟ್ ಕಮಾನಿನ ಮೇಲೆ ಅರ್ಧಚಂದ್ರನಂತೆ ಎದ್ದು ಕಾಣುತ್ತಿತ್ತು. ಅವರು ಏನೂ ಹೇಳದೆ ಬೆಲ್ಟು ಬಿಚ್ಚಿ ಇಳಿದರು. ಕುಳ್ಳಗಿನ ಇನ್ನೊಬ್ಬರು ಸಿಗುವವರೆಗೆ ಮೊದಲ ಸರದಿ ಕಳೆದುಹೋಯಿತು. ಅಂದಿನಿಂದ ಅಲ್ಯೂಮಿನಿಯಂ ಪಟ್ಟಿ ಕಾರಿನ ಡಿಕ್ಕಿಯಲ್ಲೇ ಇರುತ್ತದೆ, ಪಕ್ಕದಲ್ಲಿ ಯಾರು ಕೂತರೂ ಎಂಜಿನ್ ಶುರುಮಾಡುವ ಮೊದಲು ಅದು ಹೊರಬರುತ್ತದೆ.